ಯಾರೂ ಬಿಡದ ಓಝೋನ್ ಎಲ್ಲಿಂದ ಬರುತ್ತದೆ?

(ವಿಜ್ಞಾನಾಸಕ್ತರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓಝೋನ್ ಅಂದ ಕೂಡಲೇ ನಮಗೆ ನೆನಪಾಗುವುದು ಆಕಾಶದ ಮೇಲಿನ ಪದರ. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆದು ನಮ್ಮನ್ನು ಕಾಯುವ ಪದರ. ಶಾಲೆಯಲ್ಲಿ ಓದಿದ್ದೂ ಅದನ್ನೇ. ಗಾಳಿಯಲ್ಲಿರುವ ಒಟ್ಟು ಓಝೋನಿನಲ್ಲಿ ಸುಮಾರು 90 ಪಾಲು ಅಲ್ಲೇ ಇದೆ. ಇವತ್ತು ನಾನು ಮಾತಾಡುವುದು ಉಳಿದ ಹತ್ತು ಪಾಲಿನ ಬಗ್ಗೆ. ಅದು ಇರುವುದು ಕೆಳಗಿನ ಗಾಳಿಯಲ್ಲಿ, ಅಂದರೆ ಮೋಡ, ಮಳೆ, ವಿಮಾನ, ನಮ್ಮ ಉಸಿರು ಎಲ್ಲ ಇರುವ ಗಾಳಿಯಲ್ಲಿ.

ಈ ಓಝೋನ್ ನಮಗೆ ಒಳ್ಳೆಯದಲ್ಲ. ಅದು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಹಾಗಾಗಿ ಮೂಗು, ಗಂಟಲಿನ ತೇವದಲ್ಲಿ ಪೂರ್ತಿ ನಿಲ್ಲದೆ ಶ್ವಾಸಕೋಶದ ಆಳಕ್ಕೇ ಇಳಿಯುತ್ತದೆ. ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಆಸ್ತಮಾ ಇದ್ದವರಿಗೆ ಬೇಗ ಗೊತ್ತಾಗುತ್ತದೆ, ಉಳಿದವರಿಗೆ ತಡವಾಗಿ. 2019ರಲ್ಲಿ ಜಗತ್ತಿನಲ್ಲಿ ಸುಮಾರು 3.65 ಲಕ್ಷ ಸಾವುಗಳಿಗೆ ಓಝೋನ್ ಕಾರಣ ಎಂಬ ಅಂದಾಜಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ನಮ್ಮ ದೇಶದವು.

ಇಷ್ಟೆಲ್ಲ ಮಾಡುವ ಈ ಅನಿಲವನ್ನು ಯಾರೂ ಗಾಳಿಗೆ ಬಿಡುವುದಿಲ್ಲ. ಕಾರಿನ ಸೈಲೆನ್ಸರಿನಿಂದ ಓಝೋನ್ ಬರುವುದಿಲ್ಲ. ಥರ್ಮಲ್ ಸ್ಥಾವರದ ಚಿಮಣಿಯಿಂದಲೂ ಬರುವುದಿಲ್ಲ. ಅದು ಗಾಳಿಯಲ್ಲೇ, ಬಿಸಿಲಿನಲ್ಲಿ ತಯಾರಾಗುತ್ತದೆ. ತಯಾರಿಸುವುದು ನಾವು ಬಿಡುವ ನೈಟ್ರೋಜನ್ ಆಕ್ಸೈಡುಗಳು. ಅವನ್ನು ಚಿಕ್ಕದಾಗಿ ನಾಕ್ಸ್ ಅನ್ನೋಣ. ಅದರಲ್ಲಿ ಇಬ್ಬರಿದ್ದಾರೆ. ನೈಟ್ರಿಕ್ ಆಕ್ಸೈಡ್ ಒಂದು, ನೈಟ್ರೋಜನ್ ಡೈಆಕ್ಸೈಡ್ ಇನ್ನೊಂದು.

ಈ ಸಂಗತಿ ಗೊತ್ತಾಗಿದ್ದು ಲಾಸ್ ಏಂಜಲೀಸ್‌ನಲ್ಲಿ. ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1943ರ ಜುಲೈ 26. ಎರಡನೇ ಮಹಾಯುದ್ಧದ ಕಾಲ. ಲಾಸ್ ಏಂಜಲೀಸ್ ಪೇಟೆಯ ಮೇಲೆ ಹೊಗೆ ಕವಿಯಿತು. ಕಣ್ಣು ಉರಿ, ಗಂಟಲು ಕೆರೆತ, ಮೂರು ಬೀದಿ ಆಚೆಗಿನದು ಕಾಣದ ಸ್ಥಿತಿ. ಜಪಾನಿನವರು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರು. ಆಮೇಲೆ ಅನುಮಾನ ಕೃತಕ ರಬ್ಬರಿಗಾಗಿ ಬ್ಯೂಟಾಡೈಈನ್ ತಯಾರಿಸುತ್ತಿದ್ದ ಒಂದು ಕಾರ್ಖಾನೆ ಮೇಲೆ ಬಿತ್ತು. ಅದನ್ನು ಮುಚ್ಚಿಸಿದರು. ಹೊಗೆ ಮಾತ್ರ ಹೋಗಲಿಲ್ಲ.

ಲಂಡನ್ನಿನವರಿಗೆ ಹೊಗೆ ಅಂದರೆ ಕಲ್ಲಿದ್ದಲಿನ ಹೊಗೆ, ಗಂಧಕದ ವಾಸನೆ, ಚಳಿಗಾಲದ ಮಂಜು. ಲಾಸ್ ಏಂಜಲೀಸ್‌ನದು ಹಾಗಿರಲಿಲ್ಲ. ಅಲ್ಲಿ ಬಿಸಿಲು ಜಾಸ್ತಿ ಇದ್ದ ದಿನವೇ ಹೊಗೆ ಜಾಸ್ತಿ. ಸುತ್ತಲಿನ ತೋಟಗಳಲ್ಲಿ ಸೊಪ್ಪಿನ ಎಲೆಗಳು ಬೆಳ್ಳಗಾಗಿ ಒಣಗುತ್ತಿದ್ದವು. ಟೈರುಗಳು ಬೇರೆ ಊರಿಗಿಂತ ಬೇಗ ಬಿರುಕು ಬಿಡುತ್ತಿದ್ದವು.

ಕ್ಯಾಲ್‌ಟೆಕ್ ಎಂಬ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಆರಿ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನ ವಿಜ್ಞಾನಿ ಇದ್ದರು. ಅವರ ಆಗಿನ ಕೆಲಸ ಅನಾನಸ್ ಹಣ್ಣಿನ ಪರಿಮಳ ಯಾವ ಯಾವ ವಸ್ತುಗಳಿಂದ ಬರುತ್ತದೆ ಎಂದು ಹುಡುಕುವುದು. ಗಾಳಿಯಲ್ಲಿ ತೇಲುವ ಅತಿ ಸಣ್ಣ ಪ್ರಮಾಣದ ವಸ್ತುಗಳನ್ನು ತಣಿಸಿ ಹಿಡಿಯುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಸಲಕರಣೆಗೆ ಊರಿನ ಗಾಳಿಯನ್ನು ಹಾಯಿಸಿದರು. ಸಿಕ್ಕಿದ ವಸ್ತುಗಳನ್ನು ನೋಡಿ, ಪೆಟ್ರೋಲಿನ ಆವಿ ಗಾಳಿಯಲ್ಲೇ ಆಕ್ಸಿಡೀಕರಣವಾಗುತ್ತಿದೆ ಎಂದು ಅವರಿಗೆ ಹೊಳೆಯಿತು. 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ತೋರಿಸಿಕೊಟ್ಟ ಲೆಕ್ಕ ಇಷ್ಟು: ಪೆಟ್ರೋಲಿನ ಆವಿ, ನೈಟ್ರೋಜನ್ ಡೈಆಕ್ಸೈಡ್, ಬಿಸಿಲು. ಈ ಮೂರೂ ಸೇರಿದರೆ ಓಝೋನ್. ಇದೇ ಮಿಶ್ರಣವನ್ನು ಎಳೆಯ ಗಿಡಗಳ ಮೇಲೆ ಬಿಟ್ಟಾಗ ತೋಟದಲ್ಲಿ ಕಂಡ ಕಲೆಗಳೇ ಎಲೆಗಳ ಮೇಲೆ ಮೂಡಿದವು. ಬಗ್ಗಿಸಿಟ್ಟ ರಬ್ಬರ್ ಪಟ್ಟಿಗಳು ಬಿರುಕು ಬಿಟ್ಟವು.

ತೈಲ ಕಂಪನಿಗಳ ಕಡೆಯಿಂದ ಇದಕ್ಕೆ ಜೋರಾಗಿ ವಿರೋಧ ಬಂತು. ಅವರ ಹಣದಿಂದ ನಡೆದ ಸಂಶೋಧನೆಗಳು ಹಾಗೆನ್-ಸ್ಮಿಟ್ ಅವರ ಮಾತನ್ನು ಪ್ರಶ್ನಿಸಿದವು. ಅವರು ಹಿಂದೆ ಸರಿಯಲಿಲ್ಲ. ಇನ್ನಷ್ಟು ಪ್ರಯೋಗ ಮಾಡಿದರು, ಕೊನೆಗೆ ಒಪ್ಪಿಸಿದರು. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. ನನಗೆ ಈ ಮನುಷ್ಯನ ಮೇಲೆ ತುಂಬಾ ಗೌರವ. ಪ್ರಯೋಗಾಲಯದಲ್ಲಿ ಕಂಡದ್ದನ್ನು ಬರೆದು ಸುಮ್ಮನಾಗಬಹುದಿತ್ತು. ಕಾನೂನಾಗುವ ತನಕ ಅದರ ಬೆನ್ನು ಬಿಡಲಿಲ್ಲ.

ಈಗ ಒಂದು ಪ್ರಶ್ನೆ. ಈ ನಾಕ್ಸ್ ಎಲ್ಲಿಂದ ಬರುತ್ತದೆ? ತುಂಬಾ ಜನ ಇಂಧನದ ಕೊಳೆ ಅಂದುಕೊಳ್ಳುತ್ತಾರೆ. ಕಲ್ಲಿದ್ದಲಿನಲ್ಲಿ ಸ್ವಲ್ಪ ನೈಟ್ರೋಜನ್ ಇರುತ್ತದೆ, ನಿಜ. ಆದರೆ ಎಂಜಿನ್ನಿನಲ್ಲಿ ಹುಟ್ಟುವ ನಾಕ್ಸ್ ಬಹುಪಾಲು ಗಾಳಿಯದ್ದೇ. ನಾವು ಉಸಿರಾಡುವ ಗಾಳಿಯಲ್ಲಿ 78 ಪಾಲು ನೈಟ್ರೋಜನ್. ಅದು ಬಹಳ ಸಾಧು ಅನಿಲ, ಯಾರ ತಂಟೆಗೂ ಹೋಗುವುದಿಲ್ಲ. ಉರಿ 1500 ಡಿಗ್ರಿ ದಾಟಿದರೆ ಮಾತ್ರ ಅದರ ಅಣುವೂ ಒಡೆಯುತ್ತದೆ, ಆಕ್ಸಿಜನ್ ಜೊತೆ ಸೇರುತ್ತದೆ. ಇದರ ರಸಾಯನವನ್ನು 1940ರ ದಶಕದಲ್ಲಿ ಬಿಡಿಸಿಟ್ಟವರು ಸೋವಿಯತ್ ವಿಜ್ಞಾನಿ ಯಾಕೋವ್ ಜೆಲ್ಡೋವಿಚ್. ಇಲ್ಲೊಂದು ಕಷ್ಟವಿದೆ. ಎಂಜಿನ್ ಚೆನ್ನಾಗಿ, ಬಿಸಿಯಾಗಿ ಉರಿದಷ್ಟೂ ಕಪ್ಪು ಹೊಗೆ ಕಡಿಮೆ, ಮೈಲೇಜ್ ಜಾಸ್ತಿ. ನಾಕ್ಸ್ ಕೂಡ ಜಾಸ್ತಿ. ಹೊಗೆ ಕಾಣದ ಗಾಡಿ ಶುದ್ಧ ಗಾಡಿ ಅನ್ನುವುದು ಈ ವಿಷಯದಲ್ಲಿ ನಡೆಯುವುದಿಲ್ಲ.

ಸಿಡಿಲಿನಿಂದಲೂ ನಾಕ್ಸ್ ಹುಟ್ಟುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಂದಲೂ ಹುಟ್ಟುತ್ತದೆ, ಯೂರಿಯಾ ಹಾಕಿದ ಹೊಲದಲ್ಲಿ ಇನ್ನೂ ಹೆಚ್ಚು. ಆದರೆ ಇವತ್ತು ಜಗತ್ತಿನ ನಾಕ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ವಾಹನ, ವಿದ್ಯುತ್ ಸ್ಥಾವರ, ಕಾರ್ಖಾನೆ, ಹಡಗುಗಳದ್ದು.

ಇನ್ನು ಓಝೋನ್ ತಯಾರಾಗುವ ಬಗೆ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ನೈಟ್ರಿಕ್ ಆಕ್ಸೈಡನ್ನು ಖಾಲಿ ಆಟೋ ಅಂತ ಇಟ್ಟುಕೊಳ್ಳಿ. ಅದರೊಳಗೆ ಒಂದು ಆಕ್ಸಿಜನ್ ಪರಮಾಣು ಹತ್ತಿ ಕೂತರೆ ಅದೇ ನೈಟ್ರೋಜನ್ ಡೈಆಕ್ಸೈಡ್. ಬಿಸಿಲು ಬಿದ್ದಾಗ ಪ್ರಯಾಣಿಕ ಇಳಿದುಬಿಡುತ್ತಾನೆ. ಇಳಿದವನು ಪಕ್ಕದಲ್ಲಿರುವ ಆಕ್ಸಿಜನ್ ಅಣುವಿನ ಕೈ ಹಿಡಿಯುತ್ತಾನೆ. ಎರಡು ಪರಮಾಣುಗಳಿದ್ದ ಕಡೆ ಮೂರಾದವು. ಅದೇ ಓಝೋನ್. ಆಟೋ ಮತ್ತೆ ಖಾಲಿ. ಅದು ಇನ್ನೊಬ್ಬನನ್ನು ಹತ್ತಿಸಿಕೊಳ್ಳಬೇಕು. ಸಿಗುವುದು ಓಝೋನಿನಲ್ಲಿರುವವನೇ ಆದರೆ ಅವನನ್ನೇ ಎಳೆದುಕೊಳ್ಳುತ್ತದೆ, ಓಝೋನ್ ಒಡೆದುಹೋಗುತ್ತದೆ. ಇಳಿಸಿದ್ದಷ್ಟೇ ಹತ್ತಿಸಿದರೆ ಲಾಭ ಸೊನ್ನೆ.

ಹಾಗಾದರೆ ಓಝೋನ್ ಕೂಡಿಕೊಳ್ಳುವುದು ಹೇಗೆ? ಪ್ರಯಾಣಿಕರು ಬೇರೆ ಕಡೆಯಿಂದ ಬರಬೇಕು. ಅವರನ್ನು ತಂದುಕೊಡುವುದು ಪೆಟ್ರೋಲ್ ಆವಿ, ಪೇಂಟಿನ ಥಿನ್ನರ್, ಅರೆಬೆಂದ ಇಂಧನ, ಕಾರ್ಬನ್ ಮಾನಾಕ್ಸೈಡ್, ಮೀಥೇನ್. ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ ಬಹಳ ಚುರುಕಾದ ಕಣವಿದೆ. ಅದು ಈ ಆವಿಗಳನ್ನು ಹಿಡಿದು ಆಕ್ಸಿಡೀಕರಿಸಲು ಶುರುಮಾಡಿದಾಗ, ನಡುವೆ ಒಂದೊಂದು ಆಕ್ಸಿಜನ್ ಪರಮಾಣು ಜಾಸ್ತಿ ಹೊತ್ತ ಕಣಗಳು ಹುಟ್ಟುತ್ತವೆ. ಖಾಲಿ ಆಟೋ ಆ ಹೆಚ್ಚುವರಿ ಪರಮಾಣುವನ್ನು ಹತ್ತಿಸಿಕೊಳ್ಳುತ್ತದೆ. ಓಝೋನನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಬಿಸಿಲಿನಲ್ಲಿ ಇಳಿಸುತ್ತದೆ, ಮತ್ತೆ ಹೊಸಬರನ್ನು ಹತ್ತಿಸುತ್ತದೆ. ಒಂದೇ ನಾಕ್ಸ್ ಅಣು ಊರಿನ ದಟ್ಟ ಗಾಳಿಯಲ್ಲಿ ಕೆಲವು ಓಝೋನ್ ಅಣುಗಳನ್ನು ಮಾಡುತ್ತದೆ. ದೂರದ ತಿಳಿಗಾಳಿಯಲ್ಲಿ ಹತ್ತಾರು ಮಾಡುತ್ತದೆ. ಕೊನೆಗೆ ನೈಟ್ರಿಕ್ ಆಮ್ಲವಾಗಿ ಮಳೆಯಲ್ಲಿ ತೊಳೆದುಹೋಗುತ್ತದೆ.

ಈಗ ನಿಮಗೆ ಕೆಲವು ವಿಚಿತ್ರಗಳು ತಾವಾಗಿಯೇ ಅರ್ಥವಾಗುತ್ತವೆ. ಟ್ರಾಫಿಕ್ ತುಂಬಿದ ರಸ್ತೆಯ ಪಕ್ಕದಲ್ಲಿ ಓಝೋನ್ ಅಳೆದರೆ ಕಡಿಮೆ ಬರುತ್ತದೆ. ಸೈಲೆನ್ಸರಿನಿಂದ ಆಗಷ್ಟೇ ಹೊರಬಿದ್ದ ಖಾಲಿ ಆಟೋಗಳು ಸುತ್ತಲಿನ ಓಝೋನನ್ನು ಕಸಿದುಕೊಳ್ಳುತ್ತವೆ. ರಾತ್ರಿ ಬಿಸಿಲಿಲ್ಲ, ಇಳಿಸುವ ಕೆಲಸ ನಿಲ್ಲುತ್ತದೆ, ಕಸಿಯುವ ಕೆಲಸ ಮಾತ್ರ ನಡೆಯುತ್ತದೆ. ಅದೇ ಗಾಳಿ ಊರು ದಾಟಿ ಹಳ್ಳಿಗಳ ಕಡೆ ಬೀಸಿದಾಗ ಮಧ್ಯಾಹ್ನದ ಹೊತ್ತಿಗೆ ಓಝೋನ್ ಏರುತ್ತದೆ.

ಇಲ್ಲೇ ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದರು: "ಸರ್, ಹಾಗಾದ್ರೆ ಊರಲ್ಲಿ ನಾಕ್ಸ್ ಇದ್ದರೇ ಓಝೋನ್ ಕಡಿಮೆ ಅಲ್ವಾ? ಕಡಿಮೆ ಮಾಡೋದು ಯಾಕೆ?" ಬಹಳ ಒಳ್ಳೆಯ ಪ್ರಶ್ನೆ. ಇದನ್ನು ದೊಡ್ಡವರೂ ಕೇಳಿದ್ದಾರೆ, ನೀತಿ ರೂಪಿಸುವ ಕಡೆಯೂ ಈ ವಾದ ನಡೆದಿದೆ. ಇವತ್ತು ನಾನು ಮುಖ್ಯವಾಗಿ ಹೇಳಬೇಕಾದ್ದು ಇದರ ಉತ್ತರವನ್ನೇ.

ಲಾಸ್ ಏಂಜಲೀಸ್‌ನಲ್ಲಿ ದಶಕಗಟ್ಟಲೆ ಒಂದು ಸಂಗತಿ ಕಾಣುತ್ತಿತ್ತು. ಭಾನುವಾರ ಡೀಸೆಲ್ ಲಾರಿಗಳ ಓಡಾಟ ಕಡಿಮೆ, ನಾಕ್ಸ್ ಕಡಿಮೆ. ಓಝೋನ್ ಮಾತ್ರ ವಾರದ ದಿನಗಳಿಗಿಂತ ಜಾಸ್ತಿ. ಕಾರಣ ಎರಡು. ಓಝೋನನ್ನು ಕಸಿಯುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಯಿತು. ಇನ್ನೊಂದು, ನಾಕ್ಸ್ ಅತಿಯಾದ ಕಡೆ ನೈಟ್ರೋಜನ್ ಡೈಆಕ್ಸೈಡು ಹೈಡ್ರಾಕ್ಸಿಲನ್ನೇ ಹಿಡಿದು ನೈಟ್ರಿಕ್ ಆಮ್ಲ ಮಾಡಿಬಿಡುತ್ತದೆ, ಆವಿಗಳ ಆಕ್ಸಿಡೀಕರಣ ನಿಧಾನವಾಗುತ್ತದೆ. ಭಾನುವಾರ ಆ ಹಿಡಿತ ಸಡಿಲವಾಗುತ್ತಿತ್ತು. ಇದನ್ನು ಮುಂದಿಟ್ಟು, ಲಾರಿಗಳ ನಾಕ್ಸ್‌ಗೆ ಕಡಿವಾಣ ಹಾಕಬೇಡಿ, ಓಝೋನ್ ಏರುತ್ತದೆ ಎಂದು ವಾದಿಸಿದವರಿದ್ದರು.

ನನ್ನ ಮಟ್ಟಿಗೆ ಈ ವಾದ ತಪ್ಪು. ಯಾಕೆ ಅಂದರೆ, ಕಸಿದ ಓಝೋನ್ ಎಲ್ಲೂ ಮಾಯವಾಗಿರುವುದಿಲ್ಲ. ಪ್ರಯಾಣಿಕ ಆಟೋದೊಳಗೆ ಕೂತಿದ್ದಾನೆ ಅಷ್ಟೆ. ಹತ್ತು ಕಿಲೋಮೀಟರ್ ಆಚೆ, ಬಿಸಿಲಿನಲ್ಲಿ ಇಳಿಯುತ್ತಾನೆ. ಅದಕ್ಕೇ ಈ ವಿಷಯ ಬಲ್ಲವರು ಓಝೋನನ್ನು ಮಾತ್ರ ನೋಡುವುದಿಲ್ಲ. ಓಝೋನ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಎರಡನ್ನೂ ಕೂಡಿಸಿ ನೋಡುತ್ತಾರೆ. ರಸ್ತೆ ಬದಿಯಲ್ಲಿ ಓಝೋನ್ ಕಡಿಮೆ ಬಂತು ಅಂದರೆ ಅಲ್ಲಿನ ಜನ ಅದರ ಬದಲು ನೈಟ್ರೋಜನ್ ಡೈಆಕ್ಸೈಡ್ ಉಸಿರಾಡುತ್ತಿದ್ದಾರೆ ಎಂದರ್ಥ. ಅದೂ ಶ್ವಾಸಕೋಶಕ್ಕೆ ಕೆಟ್ಟದ್ದೇ. ಜೊತೆಗೆ ನಾಕ್ಸ್‌ನಿಂದ ನೈಟ್ರೇಟ್ ಕಣಗಳೂ ಹುಟ್ಟಿ ಪಿಎಂ 2.5 ಅನ್ನು, ಅಂದರೆ ಗಾಳಿಯ ಅತಿ ಸಣ್ಣ ದೂಳನ್ನು, ಹೆಚ್ಚಿಸುತ್ತವೆ.

ಕ್ಯಾಲಿಫೋರ್ನಿಯಾ ಆ ವಾದಕ್ಕೆ ಮಣಿಯಲಿಲ್ಲ. ಆವಿಗಳನ್ನೂ ಕಡಿಮೆ ಮಾಡಿತು, ನಾಕ್ಸ್ ಕೂಡ ಇಳಿಸುತ್ತಲೇ ಹೋಯಿತು. ಕಾರುಗಳಿಗೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಲಾರಿಗಳ ನಿಯಮ ಬಿಗಿಯಾಯಿತು. 1950ರ ದಶಕದಲ್ಲಿ ಅಲ್ಲಿನ ಗಾಳಿಯಲ್ಲಿ ಕೆಟ್ಟ ದಿನ ಹತ್ತು ಲಕ್ಷಕ್ಕೆ 0.5 ಪಾಲಿಗಿಂತ ಜಾಸ್ತಿ ಓಝೋನ್ ಇರುತ್ತಿತ್ತು. ಈಗ ಅತಿ ಕೆಟ್ಟ ದಿನವೂ ಅದರ ಅರ್ಧ ಮುಟ್ಟುವುದಿಲ್ಲ, ವಾಹನಗಳು ಹಲವು ಪಟ್ಟಾಗಿದ್ದರೂ. ಭಾನುವಾರದ ಏರಿಕೆಯೂ ಬರಬರುತ್ತಾ ಕ್ಷೀಣಿಸಿತು, ಕೆಲವು ಕಡೆ ತಿರುಗುಮುರುಗಾಯಿತು. ಅಂದರೆ ನಾಕ್ಸ್ ಇಳಿಸುವಾಗ ನಡುವೆ ಓಝೋನ್ ಏರುವ ಒಂದು ಘಟ್ಟ ಬರುತ್ತದೆ. ಅದನ್ನು ದಾಟಬೇಕು. ಅಲ್ಲೇ ನಿಂತುಬಿಟ್ಟರೆ ಕೆಟ್ಟದ್ದೇ ಉಳಿಯುತ್ತದೆ. ಹಾಗಂತ ಲಾಸ್ ಏಂಜಲೀಸ್ ಪೂರ್ತಿ ಗೆದ್ದಿಲ್ಲ. ಅಮೆರಿಕದ ಓಝೋನ್ ಮಾನದಂಡವನ್ನು ಅದು ಇವತ್ತಿಗೂ ಮುಟ್ಟಿಲ್ಲ.

2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಮಾರ್ಚ್ 25ರಿಂದ ದೇಶವೇ ನಿಂತಿತು. ದೆಹಲಿಯ ನೈಟ್ರೋಜನ್ ಡೈಆಕ್ಸೈಡ್ ಸುಮಾರು ಅರ್ಧಕ್ಕೆ ಇಳಿದದ್ದು ಉಪಗ್ರಹದಿಂದಲೇ ಕಂಡಿತು. ಆದರೆ ಓಝೋನ್ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಚೀನಾ, ಯುರೋಪ್, ಭಾರತದ ಎಷ್ಟೋ ನಗರಗಳಲ್ಲಿ ಏರಿತು ಕೂಡ. "ನೋಡಿ, ವಾಹನ ನಿಂತರೂ ಓಝೋನ್ ಏರಿತು" ಎಂದು ಆಗ ಬರೆದವರಿದ್ದಾರೆ. ಅವರು ನೋಡಿದ್ದು ನಗರದ ನೆಲಮಟ್ಟದ ಲೆಕ್ಕ ಮಾತ್ರ. ಬಲೂನು ಕಟ್ಟಿ ಹಾರಿಸಿದ ಉಪಕರಣಗಳು ಇನ್ನೊಂದು ಕಥೆ ಹೇಳಿದವು. ಉತ್ತರ ಗೋಳಾರ್ಧದಲ್ಲಿ ಒಂದರಿಂದ ಎಂಟು ಕಿಲೋಮೀಟರ್ ಎತ್ತರದ ಗಾಳಿಯಲ್ಲಿ, ಆ ವರ್ಷದ ವಸಂತ ಮತ್ತು ಬೇಸಿಗೆಯಲ್ಲಿ, ಓಝೋನ್ ಸುಮಾರು ಶೇ 7ರಷ್ಟು ಇಳಿದಿತ್ತು. ಅಷ್ಟು ದೊಡ್ಡ ಪ್ರದೇಶದಲ್ಲಿ ಅಷ್ಟು ಇಳಿಕೆ ಅದಕ್ಕೆ ಮೊದಲು ಆ ದಾಖಲೆಗಳಲ್ಲಿ ಕಂಡಿರಲಿಲ್ಲ. ಊರಲ್ಲಿ ಏರಿಕೆ, ಮೇಲೆ ಇಳಿಕೆ. ಎರಡಕ್ಕೂ ಕಾರಣ ಒಂದೇ, ನಾಕ್ಸ್ ಕಡಿಮೆಯಾದದ್ದು.

ಆ ಒಂದರಿಂದ ಎಂಟು ಕಿಲೋಮೀಟರ್ ಎತ್ತರದ ಓಝೋನ್ ನಮಗೇಕೆ ಅಂತೀರಾ? ಅಲ್ಲಿ ಅದು ಹಸಿರುಮನೆ ಅನಿಲ. ಮನುಷ್ಯರಿಂದ ಹೆಚ್ಚಾದ ಇಂಥ ಅನಿಲಗಳಲ್ಲಿ ಕಾರ್ಬನ್ ಡೈಆಕ್ಸೈಡ್, ಮೀಥೇನ್ ಬಿಟ್ಟರೆ ಮುಂದಿನ ಸಾಲಿನಲ್ಲಿ ಇದೇ ಬರುತ್ತದೆ. 1850ರಿಂದ ಈಚೆಗೆ ಕೆಳ ವಾತಾವರಣದ ಒಟ್ಟು ಓಝೋನ್ ಸುಮಾರು 24 ಕೋಟಿ ಟನ್ನಿನಿಂದ ಸುಮಾರು 35 ಕೋಟಿ ಟನ್ನಿಗೆ ಏರಿದೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿ ಒಪ್ಪಿರುವ ಅಂದಾಜು. ಕೆಳ ವಾತಾವರಣದಲ್ಲಿ ಓಝೋನ್ ಸರಾಸರಿ ಮೂರು ವಾರ ಬದುಕುತ್ತದೆ. ಅಷ್ಟರಲ್ಲಿ ಗಾಳಿ ಖಂಡ ದಾಟಿಸುತ್ತದೆ. ನಾಕ್ಸ್ ಬದುಕುವುದು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಅದೂ ದೂರ ಹೋಗುವ ಒಂದು ದಾರಿಯಿದೆ. ಪ್ಯಾನ್ ಎಂಬ ಸಂಯುಕ್ತವಾಗಿ ಮೇಲಿನ ಚಳಿಗಾಳಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಗಾಳಿ ಕೆಳಗಿಳಿದು ಬೆಚ್ಚಗಾದಾಗ ಒಡೆದು ಮತ್ತೆ ನಾಕ್ಸ್ ಆಗುತ್ತದೆ. ಕಾರ್ಖಾನೆ ಒಂದೂ ಇಲ್ಲದ ಸಮುದ್ರದ ಮೇಲೆ ಓಝೋನ್ ತಯಾರಾಗುವುದು ಹೀಗೆ.

ಮರಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಮರಗಳು ಐಸೊಪ್ರೀನ್ ಎಂಬ ಆವಿ ಬಿಡುತ್ತವೆ. ನೀಲಗಿರಿ ಮರ ಜಾಸ್ತಿ ಬಿಡುವ ಜಾತಿ. ಕೋಲಾರ, ಬೆಂಗಳೂರು ಗ್ರಾಮಾಂತರದ ತೋಪುಗಳು ನಿಮಗೆ ಗೊತ್ತೇ ಇವೆ. ನಾಕ್ಸ್ ಜೊತೆ ಸೇರಿದರೆ ಈ ಆವಿಯಿಂದಲೂ ಓಝೋನ್ ಆಗುತ್ತದೆ. ಹಾಗಂತ ಮರದ ಮೇಲೆ ತಪ್ಪು ಹೊರಿಸಬೇಡಿ. ನಾಕ್ಸ್ ಇಲ್ಲದ ಕಾಡಿನಲ್ಲಿ ಅದೇ ಆವಿ ಓಝೋನ್ ಮಾಡುವುದಿಲ್ಲ. ಮರ ಕಡಿಯಲು ಆಗುವುದಿಲ್ಲ, ಕಡಿಯಲೂಬಾರದು. ಹಾಗಾಗಿ ಗಿಡಮರ ಜಾಸ್ತಿ ಇರುವ ನಮ್ಮಂಥ ಬಿಸಿ ದೇಶದಲ್ಲಿ ಹಳ್ಳಿಗಾಡಿನ ಓಝೋನ್ ಇಳಿಸಲು ಉಳಿದಿರುವ ದಾರಿ ನಾಕ್ಸ್ ಇಳಿಸುವುದೇ.

ಹಳ್ಳಿಗಾಡು ಅಂದೆ. ನನಗೆ ಹೆಚ್ಚು ಚಿಂತೆ ಇರುವುದೂ ಅಲ್ಲೇ. ಓಝೋನ್ ಎಲೆಯ ಸಣ್ಣ ರಂಧ್ರಗಳಿಂದ ಒಳಹೋಗಿ ಹಸಿರನ್ನು ಸುಡುತ್ತದೆ. ಎಲೆ ಬೇಗ ಮುಪ್ಪಾಗುತ್ತದೆ, ಕಾಳು ತುಂಬುವುದಿಲ್ಲ. ರೋಗದ ಹಾಗೆ ಎದ್ದು ಕಾಣದ್ದರಿಂದ ರೈತರಿಗೆ ಕಾರಣ ತಿಳಿಯುವುದೂ ಇಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಸಚಿನ್ ಘುಡೆ ಮತ್ತು ಸಂಗಡಿಗರು 2014ರಲ್ಲಿ ಒಂದು ಅಂದಾಜು ಪ್ರಕಟಿಸಿದರು. 2005ರ ಮಟ್ಟದ ಓಝೋನಿನಿಂದ ಭಾರತ ಒಂದು ವರ್ಷಕ್ಕೆ ಕಳೆದುಕೊಂಡದ್ದು ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ. 9 ಕೋಟಿಗೂ ಹೆಚ್ಚು ಜನರ ಊಟ ಅದು. ಮುಂಗಾರಿನಲ್ಲಿ ಮೋಡ, ಮಳೆ, ಕಡಲ ಗಾಳಿ ಸೇರಿ ಓಝೋನ್ ಇಳಿಸುತ್ತವೆ, ಹಾಗಾಗಿ ಮುಂಗಾರು ಬೆಳೆಗೆ ಹೊಡೆತ ಕಡಿಮೆ. ಒಣ ತಿಂಗಳುಗಳ ಬೆಳೆಗೆ ಜಾಸ್ತಿ.

ನಮ್ಮಲ್ಲಿ ಏನೂ ನಡೆದಿಲ್ಲ ಅನ್ನುವಂತಿಲ್ಲ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಬಿಎಸ್ 6 ಎಂಬ ನಿಯಮ ಬಂತು. ಡೀಸೆಲ್ ಕಾರಿನ ನಾಕ್ಸ್ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು. ಲಾರಿ, ಬಸ್ಸುಗಳಿಗೆ ಯೂರಿಯಾ ದ್ರಾವಣ ತುಂಬಿಸುತ್ತಾರಲ್ಲ, ಅದು ಇದಕ್ಕೇ. ಆ ದ್ರಾವಣದಿಂದ ಬರುವ ಅಮೋನಿಯಾ ಸೈಲೆನ್ಸರಿನೊಳಗೇ ನಾಕ್ಸನ್ನು ಮತ್ತೆ ಮಾಮೂಲಿ ನೈಟ್ರೋಜನ್ ಮಾಡುತ್ತದೆ. ಖರ್ಚು ಉಳಿಯುತ್ತದೆ ಅಂತ ಆ ವ್ಯವಸ್ಥೆಯನ್ನು ಬೈಪಾಸ್ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಕಾಗದದ ಮೇಲಿನ ಮಿತಿ ರಸ್ತೆಯಲ್ಲಿ ಉಳಿಯದಿದ್ದರೆ ಏನಾಗುತ್ತದೆ ಅನ್ನುವುದನ್ನು 2015ರ ಫೋಕ್ಸ್‌ವ್ಯಾಗನ್ ಪ್ರಕರಣ ಜಗತ್ತಿಗೇ ತೋರಿಸಿತು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಶುದ್ಧವಾಗಿರುವಂತೆ ಬರೆದ ಸಾಫ್ಟ್‌ವೇರ್ ಇದ್ದ ಆ ಡೀಸೆಲ್ ಕಾರುಗಳು ರಸ್ತೆಯಲ್ಲಿ ಮಿತಿಯ 40 ಪಟ್ಟು ತನಕ ನಾಕ್ಸ್ ಬಿಡುತ್ತಿದ್ದವು. ಕಲ್ಲಿದ್ದಲು ಸ್ಥಾವರಗಳಿಗೂ ನಮ್ಮಲ್ಲಿ 2015ರ ಡಿಸೆಂಬರಿನಲ್ಲೇ ನಾಕ್ಸ್ ಮಿತಿ ಬಂತು. ಆಮೇಲೆ 2003ರಿಂದ 2016ರ ನಡುವೆ ಕಟ್ಟಿದ ಘಟಕಗಳಿಗೆ ಘನ ಮೀಟರ್ ಹೊಗೆಗೆ 300 ಮಿಲಿಗ್ರಾಂ ಇದ್ದದ್ದನ್ನು 450 ಮಿಲಿಗ್ರಾಂಗೆ ಸಡಿಲಿಸಿದರು. ಇದು ನನಗೆ ಸರಿಕಾಣುವುದಿಲ್ಲ. ಚಿಮಣಿಯ ನಾಕ್ಸ್ ಹೋಗಿ ಸೇರುವುದೇ ಹೊಲಗಳ ಮೇಲಿನ ಗಾಳಿಗೆ.

ಓಝೋನ್ ಅಳೆಯುವ ಉಪಕರಣಗಳು ಬಹುಪಾಲು ಇರುವುದು ನಗರದೊಳಗೆ. ನಾನು ಆಗಲೇ ಹೇಳಿದ ಹಾಗೆ, ಓಝೋನ್ ಕಡಿಮೆ ಕಾಣುವ ಜಾಗವೇ ಅದು. ನೈನಿತಾಲ್, ತಿರುಪತಿ ಹತ್ತಿರದ ಗಾದಂಕಿಯಂಥ ಕೆಲವು ಕಡೆ ವಿಜ್ಞಾನಿಗಳು ಹಳ್ಳಿ, ಬೆಟ್ಟಗಳಲ್ಲಿ ಅಳೆಯುತ್ತಿದ್ದಾರೆ. ಅಂಥವು ಪ್ರತಿ ದೊಡ್ಡ ನಗರದ ಗಾಳಿ ಬೀಸುವ ದಿಕ್ಕಿನಲ್ಲೂ ಬೇಕು.

ಇನ್ನು ಮೀಥೇನ್. ನಾಕ್ಸ್ ಅತಿಯಾದ ಊರುಗಳನ್ನು ಬಿಟ್ಟರೆ, ನಾಕ್ಸ್ ಇದ್ದಲ್ಲಿ ಹೈಡ್ರಾಕ್ಸಿಲ್ ಒಟ್ಟಾರೆ ಜಾಸ್ತಿ ಹುಟ್ಟುತ್ತದೆ, ಅದು ಮೀಥೇನನ್ನು ತೆಗೆಯುತ್ತದೆ. ನಾಕ್ಸ್ ಒಂದನ್ನೇ ಇಳಿಸಿದರೆ ಮೀಥೇನ್ ಸ್ವಲ್ಪ ಹೆಚ್ಚು ಕಾಲ ಉಳಿಯುತ್ತದೆ. ಆ ಮೀಥೇನೇ ಜಗತ್ತಿನ ಹಿನ್ನೆಲೆ ಓಝೋನಿಗೆ ಕಚ್ಚಾ ವಸ್ತು. ಕಸದ ಗುಡ್ಡೆ, ಗ್ಯಾಸ್ ಬಾವಿ, ಕಲ್ಲಿದ್ದಲು ಗಣಿಗಳ ಮೀಥೇನ್ ಸೋರಿಕೆಯನ್ನೂ ಜೊತೆಜೊತೆಗೇ ನಿಲ್ಲಿಸಬೇಕಾದ್ದು ಇದಕ್ಕೆ.

ಕೊನೆಯಲ್ಲಿ ಹಿರಿಯರೊಬ್ಬರು, ನಾವು ಮನೆಮಟ್ಟದಲ್ಲಿ ಏನು ಮಾಡಬಹುದು ಎಂದು ಕೇಳಿದರು. ಒಣ ಬೇಸಿಗೆಯಲ್ಲಿ, ಬಿಸಿಲಿನ ದಿನ, ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆವರೆಗೆ ಓಝೋನ್ ಹೆಚ್ಚು. ಆಸ್ತಮಾ ಇರುವ ಮಕ್ಕಳನ್ನು ಆ ಹೊತ್ತಿನಲ್ಲಿ ಬಯಲಲ್ಲಿ ಓಡಿಸಬೇಡಿ. ಶಾಲೆಯ ಕ್ರೀಡೆಗಳನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ. ಎನ್95 ಮಾಸ್ಕ್ ದೂಳು ತಡೆಯುತ್ತದೆ, ಓಝೋನನ್ನು ತಡೆಯುವುದಿಲ್ಲ. ಮನೆಯೊಳಗೆ ಗೋಡೆ, ಬಟ್ಟೆಗಳಿಗೆ ತಾಗಿಯೇ ಓಝೋನ್ ಬಹಳಷ್ಟು ಕಳೆದುಹೋಗುತ್ತದೆ. ಹಾಗಾಗಿ ಆ ಕೆಲವು ಗಂಟೆ ಒಳಗಿದ್ದರೆ ಸಾಕು. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರಿಗೆ ಈ ಸಲಹೆ ಉಪಯೋಗಕ್ಕೆ ಬರುವುದಿಲ್ಲ ಎಂದು ಆ ಹಿರಿಯರೇ ಹೇಳಿದರು. ಹೌದು, ಬರುವುದಿಲ್ಲ. ಹಾಗೆ ದುಡಿಯುವವರಿಗೆ ಬೇಕಾದ್ದು ಮಳೆ ಮುನ್ಸೂಚನೆಯಂತೆ ಹಿಂದಿನ ದಿನವೇ ಸಿಗುವ ಓಝೋನ್ ಮುನ್ಸೂಚನೆ, ಮತ್ತು ಅಂಥ ದಿನ ಕೆಲಸವನ್ನು ಬೆಳಗಿನ ಹೊತ್ತಿಗೆ ಸರಿಸಿ, ಕೂಲಿ ಕಡಿತವಾಗದಂತೆ ನೋಡಿಕೊಳ್ಳುವ ನಿಯಮ.